ನೆತ್ತರುಬೇರಿನ ಎಣಿಕೆ

ಮಾರ್ಚ್ 3, ಸೋಮವಾರ

ಇವತ್ತು ನಮ್ಮ ಪ್ರಯೋಗಾಲಯಕ್ಕೆ ಒಂದು ಕ್ಯಾಮರಾ ಬಂತು. ಅದರ ಹಿಂದೆ ಒಬ್ಬ ಹುಡುಗಿ ಬಂದಳು. ಹೆಸರು ಜೋಸ್ಲಿನ್ ಪ್ರೂಯಿಟ್, ಸಿನ್ಸಿನಾಟಿಯಲ್ಲಿ ಓದಿ ಡಾಕ್ಟರೇಟ್ ಪಡೆದವಳು. ಕೋಟು ಬಿಚ್ಚುವ ಮೊದಲೇ ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ಈ ರಕ್ತನಾಳಗಳನ್ನೆಲ್ಲ ನೀವು ಕಣ್ಣಲ್ಲೇ ಎಣಿಸ್ತೀರಾ?" ಅಂದಳು.

"ಇಲ್ಲಮ್ಮ, ಮೂಗಲ್ಲಿ ಎಣಿಸ್ತೀನಿ," ಅಂದೆ.

ಪಾಪ, ಮುಖ ಕೆಂಪಗಾಯಿತು. ಆಮೇಲೆ ಕೂರಿಸಿಕೊಂಡು ಎಲ್ಲ ತೋರಿಸಿದೆ. ಮರಿ ಕಟ್ಟುತ್ತಿರುವ ಮೊಟ್ಟೆಯ ಚಿಪ್ಪಿನಲ್ಲಿ ಹೆಬ್ಬೆರಳ ಉಗುರಿನಷ್ಟು ಕಿಟಕಿ ಕತ್ತರಿಸುವುದು. ಒಳಗಿನ ಪೊರೆಯ ಮೇಲೆ ಸಣ್ಣ ಬಿಲ್ಲೆ ಇಡುವುದು. ಬಿಲ್ಲೆಯಲ್ಲಿ ನಾಳಗಳನ್ನು ಕೆರಳಿಸುವ ಮದ್ದು ಇರುತ್ತದೆ. ಮೂರೇ ದಿನದಲ್ಲಿ ಸುತ್ತಲಿಂದ ಹೊಸ ನಾಳಗಳು ಹುಚ್ಚೆದ್ದು ಅದರ ಕಡೆ ನುಗ್ಗುತ್ತವೆ. ಜೊತೆಗೆ ನಮ್ಮ ಬೇರಿನ ಸಾರವನ್ನೂ ಹಾಕಿದರೆ ಆ ನುಗ್ಗಾಟ ನಿಲ್ಲುತ್ತದೋ ಇಲ್ಲವೋ ನೋಡುವುದು. ನೋಡುವುದೆಂದರೆ ಒಂದೊಂದಾಗಿ ಎಣಿಸುವುದು. ಬಲಗಣ್ಣು ಮೈಕ್ರೋಸ್ಕೋಪಿನ ಮೇಲೆ, ಎಡಗಣ್ಣು ಪಕ್ಕದ ಹಾಳೆಯ ಮೇಲೆ. ಮೂವತ್ತೊಂದು ವರ್ಷದಿಂದ ಇದೇ ಹಿತ್ತಾಳೆಯ ಒಂಟಿಗಣ್ಣಿನ ಮೈಕ್ರೋಸ್ಕೋಪು, ಇದೇ ಬಲಗಣ್ಣು.

"ಕಂಪ್ಯೂಟರ್‌ಗೆ ಕಲಿಸಿಬಿಟ್ರೆ ನಿಮಗೆ ಇಷ್ಟು ಕಷ್ಟ ಇರಲ್ಲ ಮೇಡಂ."

"ಕಷ್ಟ ಅಂತ ನಿನಗ್ಯಾರು ಹೇಳಿದ್ರು?"

ಕೊನೆಗೆ ನಮ್ಮ ಮುಖ್ಯಸ್ಥ ಡಾ. ಟಿಲ್ಫೋರ್ಡ್ ಬಂದು ಪಂಚಾಯಿತಿ ಮಾಡಿದರು. ಎಣಿಕೆ ನನ್ನದೇ. ಅವಳು ಪ್ರತಿ ಮೊಟ್ಟೆಯ ಚಿತ್ರ ತೆಗೆದಿಡಬಹುದು. ಅವಳ ಯಂತ್ರ ಎಣಿಸಲು ಕಲಿತ ಮೇಲೆ ಮುಂದಿನ ಮಾತು. ತೆಗೆದುಕೊಳ್ಳಲಿ. ನಾನು ನಿವೃತ್ತಳಾಗುವಷ್ಟರಲ್ಲಿ ಅದು ಹತ್ತರ ತನಕ ಕಲಿತರೆ ಹೆಚ್ಚು.

ಮಾರ್ಚ್ 14, ಶುಕ್ರವಾರ

ಏಳನೆಯ ಸಾರ ಕೆಲಸ ಮಾಡುತ್ತಿದೆ!

ನನ್ನ ತಮ್ಮ ಎಸ್ಟಿಲ್ ಕಳೆದ ವಸಂತದಲ್ಲಿ ನಮ್ಮ ಮನೆಯ ಹಿಂದಿನ ಬೆಟ್ಟದಲ್ಲಿ ಅಗೆದು ತಂದ ನೆತ್ತರುಬೇರು ಅದು. ಒಂದು ಗೇಣಿನ ಗಿಡ, ಹೂವು ಅಪ್ಪಟ ಬಿಳುಪು, ಬೇರು ಮುರಿದರೆ ಮಾತ್ರ ಕೈಯೆಲ್ಲ ರಕ್ತ. ಒಣಗಿಸಿ, ಕುಟ್ಟಿ, ಮದ್ಯಸಾರದಲ್ಲಿ ನೆನೆಸಿ, ಹನ್ನೆರಡು ಪಾಲು ಮಾಡಿದ್ದೆವು. ಮೊದಲ ಆರು ದಂಡ. ಏಳನೆಯದನ್ನು ಹಾಕಿದ ಮೊಟ್ಟೆಗಳಲ್ಲಿ ಇವತ್ತು ಸರಾಸರಿ ಒಂಬತ್ತು ನಾಳ. ಸಾರ ಹಾಕದೆ ಬಿಟ್ಟವುಗಳಲ್ಲಿ ಮೂವತ್ತೆಂಟು. ಎರಡೆರಡು ಸಲ ನೋಡಿದೆ. ಬಿಲ್ಲೆಯ ಸುತ್ತ ಗುಡಿಸಿಟ್ಟ ಅಂಗಳದ ಹಾಗೆ ಚೊಕ್ಕಟ.

ಡಾ. ಟಿಲ್ಫೋರ್ಡ್ ನನ್ನ ಎರಡೂ ಕೈ ಹಿಡಿದುಕೊಂಡರು. ಬಣ್ಣದ ಟೈ ಕಟ್ಟಿ ಓಡಾಡುವ ಆ ಮನುಷ್ಯನ ಕಣ್ಣಲ್ಲಿ ನೀರು ನೋಡಿದ್ದು ಇದೇ ಮೊದಲು.

ಅಮ್ಮನ ನೆನಪಾಯಿತು. ಅಮ್ಮನ ಕಣ್ಣು ತಿಂದದ್ದು ಇಂಥವೇ ಹುಚ್ಚು ನಾಳಗಳು. ಕಣ್ಣಿನ ಹಿಂದಿನ ಪರದೆಯಲ್ಲಿ ಬೇಡದ ಕಡೆ ಬೆಳೆದು, ಸೋರಿ, ನಟ್ಟನಡುವಿನ ನೋಟವನ್ನೇ ಅಳಿಸಿಬಿಟ್ಟವು. ಎದುರಿಗೆ ನಿಂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆಗ ಡಾಕ್ಟರು ಹೇಳಿದ್ದು ಒಂದೇ ಮಾತು, "ವಯಸ್ಸಾಯ್ತು." ಆ ಮಾತಿಗೆ ನಾನು ಮೂವತ್ತೊಂದು ವರ್ಷದಿಂದ ಉತ್ತರ ಕೊಡುತ್ತಿದ್ದೇನೆ.

ಮಾರ್ಚ್ 27, ಗುರುವಾರ

ರಿಪೇರಿಯ ಹೋಬರ್ಟ್ ಜೊತೆ ಜಗಳ. ನನ್ನ ಮೇಜಿನ ಮೇಲೆ ಅವನು ಹೊಸದಾಗಿ ಹೊಡೆದ ಹಲಗೆ ನಡುವೆ ಬಾಗಿದೆ. ಅಪ್ಪ ಬಡಗಿ. ಒಂದು ಕಣ್ಣು ಮುಚ್ಚಿ, ಬಲಗಣ್ಣನ್ನು ಹಲಗೆಯ ಅಂಚಿಗೆ ಇಟ್ಟು ನೋಡುವುದನ್ನು ನನಗೆ ಏಳನೆಯ ವಯಸ್ಸಿಗೇ ಕಲಿಸಿದ್ದರು. ಹಾಗೇ ನೋಡಿದೆ. ಬಾಗಿದೆ.

ಹೋಬರ್ಟ್ ಮಟ್ಟಗೋಲು ತಂದಿಟ್ಟ. ಗುಳ್ಳೆ ನಡುಮಧ್ಯಕ್ಕೆ ಬಂದು ನಿಂತಿತು.

"ಓರ್ಫಕ್ಕ, ನೀವೇ ನೋಡಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲ."

"ನಿನ್ನ ಮಟ್ಟಗೋಲೇ ಕೆಟ್ಟಿದೆ."

"ಇಪ್ಪತ್ತು ವರ್ಷದಿಂದ ಇದರಲ್ಲೇ ಇಡೀ ಕಾಲೇಜು ಕಟ್ಟಿದೀನಿ ಅಕ್ಕ."

"ಹಾಗಾದ್ರೆ ಇಡೀ ಕಾಲೇಜೇ ಸೊಟ್ಟಗಿದೆ."

ಅವನು ಬೆನ್ನು ತಿರುಗಿಸಿ ಏನೋ ಗೊಣಗುತ್ತ ಹೋದ. ಕ್ಯಾಮರಾ ಹುಡುಗಿ ಮೂಲೆಯಲ್ಲಿ ನಿಂತು ನಗು ತಡೆಯುತ್ತಿದ್ದಳು. ನಗಲಿ.

ಏಪ್ರಿಲ್ 5, ಶನಿವಾರ

ಎಸ್ಟಿಲ್ ಜೊತೆ ಬೆಟ್ಟಕ್ಕೆ ಹೋಗಿದ್ದೆ. ಹೂ ಬಂದಿದೆ. ಈ ಸಲ ಯಾಕೋ ಕಡಿಮೆ ಎಂದೆ. "ಕಡಿಮೆಯೇನಕ್ಕ, ಎಂದೂ ಇಷ್ಟು ಬಂದಿರ್ಲಿಲ್ಲ. ನೋಡು, ಆಗ್ಲೇ ಮೂರು ತುಳ್ದುಬಿಟ್ಟೆ," ಅಂದ. ಗಣಿಯಲ್ಲಿ ಮೂವತ್ತು ವರ್ಷ ಕಲ್ಲಿದ್ದಲು ಅಗೆದವನು. ಅವನಿಗೆ ಹಗಲು ಬೆಳಕಲ್ಲಿ ಏನು ಕಂಡರೂ ಹೆಚ್ಚೇ. ಒಂದು ಬುಟ್ಟಿ ಬೇರು ಅಗೆದು, ಎರಡು ಬುಟ್ಟಿಯಷ್ಟು ಮುಂದಿನ ವರ್ಷಕ್ಕೆಂದು ಬಿಟ್ಟು ಬಂದೆವು. ಕಾಡುಬೆಳ್ಳುಳ್ಳಿ ಹಾಕಿ ಆಲೂಗೆಡ್ಡೆ ಹುರಿದ. ಹೊಟ್ಟೆ ತುಂಬ ತಿಂದೆ.

ಏಪ್ರಿಲ್ 22, ಮಂಗಳವಾರ

ಸಾರವನ್ನು ನಾಲ್ಕು ಪಟ್ಟು ತೆಳುಮಾಡಿ ಹಾಕಿದರೂ ಚೊಕ್ಕಟ. ಸರಾಸರಿ ಐದು. ಇಷ್ಟು ಕಡಿಮೆ ಮದ್ದಿಗೆ ಇಷ್ಟು ಕೆಲಸ ಮಾಡುವ ಬೇರನ್ನು ನಾನು ಕಂಡಿಲ್ಲ. ಡಾ. ಟಿಲ್ಫೋರ್ಡ್ ಕಣ್ಣಿನ ಕಾಯಿಲೆಗಳ ಸಂಸ್ಥೆಯೊಂದಕ್ಕೆ ಫೋನು ಮಾಡಿದ್ದಾರೆ. ಅವರು ಹಣ ಕೊಡಲು ಒಪ್ಪಿದರೆ ಮೊಲಗಳ ಮೇಲೆ ಪ್ರಯೋಗ, ಅದಾದ ಮೇಲೆ ಮನುಷ್ಯರು.

ಕ್ಯಾಮರಾ ಹುಡುಗಿ ನನ್ನ ಪುಸ್ತಕ ತಿರುವಿ ಹಾಕುತ್ತ, "ಮೇಡಂ, ಸಾರ ಹಾಕದೆ ಇರೋ ಮೊಟ್ಟೆಲೂ ಎಣಿಕೆ ಇಳೀತಾ ಇದೆಯಲ್ಲ? ಮಾರ್ಚ್‌ನಲ್ಲಿ ಮೂವತ್ತೆಂಟು, ಈಗ ಮೂವತ್ತೆರಡು," ಅಂದಳು.

"ಕೋಳಿಗಳು ಸರಿಯಿಲ್ಲ," ಅಂದೆ.

ಮೇ 6, ಮಂಗಳವಾರ

ಮೊಟ್ಟೆ ಕೊಡುವ ಫ್ಲೀನರ್ ಅಮ್ಮನ ಹತ್ತಿರ ಹೋಗಿ ಬೈದು ಬಂದೆ. ಕೋಳಿಗಳಿಗೆ ಏನು ಹಾಕುತ್ತೀಯ, ಮೊಟ್ಟೆಯಲ್ಲಿ ರಕ್ತವೇ ಇಲ್ಲ ಎಂದೆ. ಆಕೆ ಒಂದು ಹೇಂಟೆಯನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದು, "ಇದರ ಜುಟ್ಟು ನೋಡು ಓರ್ಫಾ, ಕೆಂಪು ಹೇಗಿದೆ. ರಕ್ತ ಇಲ್ಲದೆ ಇರೋದು ನಿನ್ನ ಮಾತಿಗೆ," ಅಂದಳು. ಬೇರೆ ಕಡೆಯಿಂದ ಮೊಟ್ಟೆ ತರಿಸಲು ಹೇಳಿದ್ದೇನೆ.

ಮೇ 15, ಗುರುವಾರ

ಮೈಕ್ರೋಸ್ಕೋಪಿನ ಬಲ್ಬು ಮೂರನೆಯ ಸಲ ಬದಲಾಯಿಸಿದೆ. ಈಗಿನ ಬಲ್ಬುಗಳಲ್ಲಿ ಬೆಳಕೇ ಇಲ್ಲ. ತಲೆನೋವು.

ಮೇ 20, ಮಂಗಳವಾರ

ಹೊಸ ಕಡೆಯ ಮೊಟ್ಟೆಗಳಲ್ಲೂ ಮೂವತ್ತೊಂದು. ಕೆಂಟಕಿಯ ಕೋಳಿಗಳೆಲ್ಲ ಒಟ್ಟಾಗಿ ಹಾಳಾಗಿವೆ.

ಮೇ 28, ಬುಧವಾರ

ಪೆನ್ಸಿಲ್ ಮೊನೆ ಎರಡು ಸಲ ಮುರಿಯಿತು. ಸಿಟ್ಟಿಗೆ.

ಮಧ್ಯಾಹ್ನ ಊಟದ ಹೊತ್ತಿಗೆ ಕ್ಯಾಮರಾ ಹುಡುಗಿ ಪ್ರೂಯಿಟ್ ನನ್ನ ಹತ್ತಿರ ಬಂದು ಬಾಗಿಲು ಹಾಕಿದಳು. ಅವಳ ಯಂತ್ರ ಎಣಿಸಲು ಕಲಿತಿದೆಯಂತೆ. ಏಪ್ರಿಲ್ 22ರ ಮೊಟ್ಟೆಗಳ ಚಿತ್ರ ತೋರಿಸಿದಳು.

"ನಿಮ್ಮ ಪುಸ್ತಕದಲ್ಲಿ ಇದಕ್ಕೆ ನಾಲ್ಕು ಅಂತಿದೆ ಮೇಡಂ. ಯಂತ್ರ ಇಪ್ಪತ್ತೇಳು ಅಂತಿದೆ."

"ನಿನ್ನ ಯಂತ್ರ ಧೂಳನ್ನೂ ಎಣಿಸ್ತಿದೆ."

"ನಾನೂ ಅದೇ ಅಂದ್ಕೊಂಡೆ. ಅದಕ್ಕೇ ನಾನೇ ಕೂತು ಎಣಿಸ್ದೆ. ಇಪ್ಪತ್ತಾರು ಬಂತು." ಚಿತ್ರದ ಮೇಲೆ ಬೆರಳಿಟ್ಟು, "ತುಂಬಾ ಸಣ್ಣ ನಾಳಗಳು. ದಪ್ಪನೆಯವು ನಿಮಗೆ ತಪ್ಪಿಲ್ಲ. ಸಣ್ಣವು ಮಾತ್ರ..." ಅಂದಳು.

"ಮಾತ್ರ ಏನು?"

"ಡಾ. ಟಿಲ್ಫೋರ್ಡ್‌ಗೆ ನಾನಿನ್ನೂ ಹೇಳಿಲ್ಲ. ಮೊದಲು ನಿಮಗೆ ಹೇಳ್ಬೇಕು ಅನ್ನಿಸ್ತು."

ನಾನು ಕಾವುಪೆಟ್ಟಿಗೆಯಿಂದ ಒಂದು ಮೊಟ್ಟೆ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಎಣಿಸಿದೆ. ಮೂರು. ಅವಳು ನನ್ನ ಜಾಗದಲ್ಲಿ ಕೂತಳು. ಎರಡು ಸಲ ಎಣಿಸಿದಳು.

"ಹೇಳು," ಅಂದೆ.

"ಇಪ್ಪತ್ತರ ಮೇಲಿವೆ ಮೇಡಂ."

ನನ್ನ ಮೈಕ್ರೋಸ್ಕೋಪಿನಿಂದ ಏಳು, ನನ್ನ ಕೋಣೆಯಿಂದ ಹೊರಡು ಎಂದೆ. ನೀನು ಹುಟ್ಟುವ ಮೊದಲಿಂದ ನಾನು ಎಣಿಸುತ್ತಿದ್ದೇನೆ ಎಂದೆ. ಅವಳು ಎದ್ದು ಹೋದಳು. ಚಿತ್ರಗಳನ್ನು ಮೇಜಿನ ಮೇಲೆ ಬಿಟ್ಟುಹೋಗಿದ್ದಾಳೆ. ನಾನು ನೋಡಿಲ್ಲ.

ಮೇ 31, ಶನಿವಾರ

ಬೆಳಗ್ಗೆ ಎಸ್ಟಿಲ್ ಬೀನ್ಸ್ ಕಾಳು ಬೇಯಿಸಿ, ಮೆಕ್ಕೆಜೋಳದ ಬ್ರೆಡ್ಡು ತಂದಿಟ್ಟ. ತಿನ್ನುತ್ತ ನನ್ನನ್ನೇ ನೋಡುತ್ತಿದ್ದ.

"ಏನೋ?"

"ಏನಿಲ್ಲ."

"ಹೇಳೋ."

"ಅಕ್ಕ, ನೀನು ನನ್ನ ನೋಡೋವಾಗ ಕತ್ತು ಓರೆ ಮಾಡ್ತೀಯ. ಕೋಳಿ ನೋಡೋ ಹಾಗೆ. ಕ್ರಿಸ್ಮಸ್‌ನಿಂದ ನೋಡ್ತಿದೀನಿ." ಅವನು ತಟ್ಟೆಯ ಕಡೆ ಕಣ್ಣು ಹಾಕಿದ. "ಅಮ್ಮನೂ ಹೀಗೇ ಮಾಡ್ತಿದ್ಲು."

ಕೈಯಲ್ಲಿದ್ದ ಬ್ರೆಡ್ಡನ್ನು ಅವನ ಮೇಲೆ ಎಸೆದೆ. ಅರವತ್ತೆರಡರ ಹೆಂಗಸು ಐವತ್ತೆಂಟರ ತಮ್ಮನ ಮೇಲೆ ಬ್ರೆಡ್ಡು ಎಸೆದಳು. ಅವನು ಎತ್ತಿ, ಒರೆಸಿ, ತಿಂದ.

ಅವನು ಹೊರಗೆ ಹೋದ ಮೇಲೆ ಸೊಳ್ಳೆಜಾಲರಿಯ ಬಾಗಿಲ ಮುಂದೆ ನಿಂತೆ. ಹತ್ತು ಗಂಟೆಯ ಒಳ್ಳೆಯ ಬಿಸಿಲು. ಬಲಗಣ್ಣು ಮುಚ್ಚಿದೆ. ಜಾಲರಿಯ ಚೌಕಗಳು ಸರಿಯಾಗಿ ನೆಟ್ಟಗಿದ್ದವು. ಎಡಗಣ್ಣು ಮುಚ್ಚಿದೆ. ಗೆರೆಗಳು ನೀರಿನಲ್ಲಿ ಬಿದ್ದ ನೆರಳಿನಂತೆ ಬಾಗಿದವು, ನಡುವೆ ಬೂದಿಯ ಬಣ್ಣದ ಒಂದು ಕಲೆ. ಅದರ ಹಿಂದೆ ಏನೂ ಇಲ್ಲ. ಬಾಗಿಲ ಹಿಡಿ ಇಲ್ಲ. ಅಂಗಳದಲ್ಲಿ ನಿಂತ ತಮ್ಮನಿಗೆ ತಲೆ ಇಲ್ಲ.

ನಾಲ್ಕು ಸಲ ಮುಚ್ಚಿ ತೆರೆದು ನೋಡಿದೆ.

ಜೂನ್ 2, ಸೋಮವಾರ

ಪ್ರೂಯಿಟ್ ಬಿಟ್ಟುಹೋಗಿದ್ದ ಚಿತ್ರಗಳನ್ನು ಎಡಗಣ್ಣಿನಿಂದ ನೋಡಿದೆ. ಒಂದು ಚಿತ್ರದಲ್ಲಿ ಇಪ್ಪತ್ತೇಳು. ಇನ್ನೊಂದರಲ್ಲಿ ಇಪ್ಪತ್ತೈದು. ಎಲ್ಲವೂ ಅಲ್ಲೇ ಇದ್ದವು, ಜೇಡರ ಬಲೆಯಷ್ಟು ಸಣ್ಣಗೆ.

ಇನ್ನೇನೂ ಬರೆಯಲಾರೆ.

ಜೂನ್ 5, ಗುರುವಾರ

ಲೆಕ್ಸಿಂಗ್ಟನ್‌ಗೆ ಎಸ್ಟಿಲ್ ಕರೆದುಕೊಂಡು ಹೋದ. ಕಣ್ಣಿನ ಡಾಕ್ಟರು ಬಕ್ನರ್ ಅಂತ, ಚಿಕ್ಕ ವಯಸ್ಸಿನವರು. ತೋಳಿಗೆ ಹಳದಿ ಬಣ್ಣದ ಮದ್ದು ಚುಚ್ಚಿ ಕಣ್ಣಿನ ಹಿಂಭಾಗದ ಚಿತ್ರ ತೆಗೆದರು. ಪರದೆಯ ಮೇಲೆ ತೋರಿಸಿ, ಮಗುವಿಗೆ ಹೇಳುವಂತೆ, "ನೋಡಿ ಅಜ್ಜಿ, ಇಲ್ಲಿ ಕಳೆ ಬೆಳೆದ ಹಾಗೆ ಬೇಡದ ರಕ್ತನಾಳಗಳು..." ಎಂದು ಶುರು ಮಾಡಿದರು.

"ಅಜ್ಜಿ ಅನ್ನಬೇಡಿ," ಅಂದೆ. "ಪೆನ್ಸಿಲ್ ಕೊಡಿ."

ಅಚ್ಚು ಹಾಕಿಸಿಕೊಂಡು ಎಡಗಣ್ಣಿನಿಂದ ಎಣಿಸಿದೆ. ಹದಿನಾಲ್ಕು ನಾಳ, ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ. ಎರಡು ಕಡೆ ಸೋರಿಕೆ. ನಾಳಗಳೇ, ಜೀವನವೆಲ್ಲ ನಾನು ನಿಮ್ಮನ್ನು ಬೇಟೆಯಾಡಿದೆ, ನೀವು ನನ್ನ ಬೆನ್ನ ಹಿಂದೆ ಬಂದು ಮನೆ ಕಟ್ಟಿದಿರಿ. ಡಾಕ್ಟರು ಬಾಯಿ ತೆರೆದು ನೋಡುತ್ತಿದ್ದರು. ನಾನು ಯಾರೆಂದು ಎಸ್ಟಿಲ್ ಹೇಳಿದ ಮೇಲೆ ಮಾತಿನ ಧಾಟಿ ಬದಲಾಯಿತು.

ಕಣ್ಣಿನೊಳಗೇ ಸೂಜಿ. ತಿಂಗಳಿಗೊಂದು. ಹೋದದ್ದೆಲ್ಲ ಮರಳುವುದಿಲ್ಲ, ಇರುವುದನ್ನು ಉಳಿಸಬಹುದು ಎಂದರು. "ಹೆದರಿಕೆ ಆಗ್ತಿದ್ಯಾ?" ಎಂದು ಕೇಳಿದರು. "ಆಗ್ತಿದೆ. ಚುಚ್ಚಿ," ಅಂದೆ.

ಎಸ್ಟಿಲ್ ಹೊರಗೆ ಕೂತು ಅತ್ತಿದ್ದಾನೆ. ಅಲರ್ಜಿ ಎಂದ.

ಜೂನ್ 9, ಸೋಮವಾರ

ಡಾ. ಟಿಲ್ಫೋರ್ಡ್‌ಗೆ ಎಲ್ಲ ಹೇಳಿದೆ. ಚಿತ್ರಗಳನ್ನು ಮುಂದಿಟ್ಟೆ. ಮೊದಲು ನನ್ನ ಕಣ್ಣಿನ ಬಗ್ಗೆ ಕೇಳಿದರು, ಅದನ್ನು ಬರೆದಿಡಬೇಕು. ಮನಸ್ಸಿಟ್ಟೇ ಕೇಳಿದರು.

ಆಮೇಲೆ, "ಓರ್ಫಾ, ಸಾರ ಹಾಕದೆ ಇದ್ದ ಮೊಟ್ಟೆಗಳಲ್ಲೂ ನಿಮಗೆ ಕಡಿಮೆ ಕಂಡಿದೆ ಅಲ್ವಾ? ಎರಡೂ ಕಡೆ ಕಡಿಮೆ ಆದ್ರೆ ಹೋಲಿಕೆ ಸರಿಹೋಗುತ್ತೆ," ಅಂದರು.

"ಸರಿಹೋಗಲ್ಲ ಡಾಕ್ಟ್ರೇ. ಬರೀ ಮೊಟ್ಟೆಯಲ್ಲಿ ನಾಳಗಳು ದಪ್ಪ, ನನಗೆ ಕಾಣುತ್ವೆ. ನಮ್ಮ ಸಾರ ನಾಳಗಳನ್ನ ಸಣ್ಣ ಮಾಡುತ್ತೆ, ಪೂರ್ತಿ ಇಲ್ಲವಾಗಿಸಲ್ಲ. ಸಣ್ಣವು ನನಗೆ ಕಾಣಲ್ಲ. ಇಲ್ಲವಾಗಿಸಿದ್ದು ನನ್ನ ಕಣ್ಣು, ಬೇರಲ್ಲ."

"ಹದಿನೆಂಟಕ್ಕೆ ಸಂಸ್ಥೆಯವರು ಬರ್ತಾರೆ. ಈಗ ಇದನ್ನ ಹೇಳಿದ್ರೆ ಎಲ್ಲ ಮುಗೀತು. ಒಪ್ಪಿಗೆ ಸಿಗ್ಲಿ, ಆಮೇಲೆ ನಿಧಾನಕ್ಕೆ ಮತ್ತೆ ಎಣಿಸೋಣ. ಬೇರು ಕೆಲಸ ಮಾಡ್ತಿದೆ ಅಂತ ನಿಮಗೂ ಗೊತ್ತು."

"ಎಷ್ಟು ಮಾಡ್ತಿದೆ ಅಂತ ಗೊತ್ತಿಲ್ಲ."

"ಮಾಡ್ತಿದೆ ತಾನೇ?"

"ಅಮ್ಮನ ಡಾಕ್ಟ್ರಿಗೂ ಎಲ್ಲ ಗೊತ್ತಿತ್ತು," ಅಂದೆ.

ಮುಖ ಬಿಗಿದುಕೊಂಡರು. ಹದಿನೆಂಟರಂದು ಬಂದವರಿಗೆ ನಾನು ಎಂದಿನಂತೆ ಎಣಿಕೆ ಮಾಡಿ ತೋರಿಸಬೇಕಂತೆ. ಅವರಿಗೆ ಹಿತ್ತಾಳೆಯ ಮೈಕ್ರೋಸ್ಕೋಪು, ಬೆಟ್ಟದ ಹೆಂಗಸು, ಇದೆಲ್ಲ ಇಷ್ಟವಾಗುತ್ತದಂತೆ. ಉಳಿದದ್ದನ್ನು ತಮಗೆ ಬಿಡಬೇಕಂತೆ.

ಜೂನ್ 12, ಗುರುವಾರ

ಜೋಸ್ಲಿನ್ ಮತ್ತು ನಾನು ಸಂಜೆ ತನಕ ಪುಸ್ತಕದ ಮುಂದೆ ಕೂತೆವು. ಮಾರ್ಚ್ ಮೂರರಿಂದ ಈಚೆಗೆ ಚಿತ್ರಗಳಿವೆ, ತಾಳೆ ನೋಡಬಹುದು. ಅದಕ್ಕೂ ಮೊದಲಿನವು? ಎಸ್ಟಿಲ್ ಕ್ರಿಸ್ಮಸ್ ಎನ್ನುತ್ತಾನೆ. ಅದಕ್ಕೂ ಮೊದಲು ಇರಲಿಲ್ಲ ಎಂದು ಯಾರು ಹೇಳುತ್ತಾರೆ? ಯಾವ ದಿನದ ತನಕ ನನ್ನ ಕಣ್ಣು ನನ್ನದಾಗಿತ್ತು?

"ಅಕ್ಟೋಬರ್‌ನಲ್ಲಿ ಮೊದಲ ಆರು ಸಾರ ಪರೀಕ್ಷೆ ಮಾಡಿದ್ರಿ. ಆಗ ಎಣಿಕೆ ಎಲ್ಲ ಹೆಚ್ಚೇ ಇದೆಯಲ್ಲ ಮೇಡಂ? ಅದನ್ನ ಉಳಿಸ್ಕೊಬೋದು," ಅಂದಳು.

"ಉಳಿಸ್ಕೊಳ್ಳೋದು ಬೇಡ."

ಕೆಂಪು ಪೆನ್ಸಿಲ್ ತೆಗೆದುಕೊಂಡು, ಈ ಬೇರಿನ ಕೆಲಸ ಶುರುವಾದ ಕಳೆದ ಸೆಪ್ಟೆಂಬರಿನಿಂದ ಪ್ರತಿ ಪುಟಕ್ಕೂ ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಎಂಬತ್ತೊಂದು ಪುಟ. ಎಳೆಯುವಾಗ ಗೆರೆ ನೆಟ್ಟಗಿದೆಯೋ ಎಂದು ಒಂದೊಂದು ಸಲ ಜೋಸ್ಲಿನ್‌ಳನ್ನು ಕೇಳಿದೆ. ನೆಟ್ಟಗಿದೆ ಎಂದಳು. ಅರ್ಧಕ್ಕೆ ಬಂದಾಗ ಅವಳೇ ಪುಟ ತಿರುವಿಹಾಕತೊಡಗಿದಳು.

ಜೂನ್ 18, ಬುಧವಾರ

ಬರೆದುಬಿಡುತ್ತೇನೆ, ಎಲ್ಲ ಬಿಸಿಯಾಗಿರುವಾಗಲೇ.

ಮೂರು ಜನ ಬಂದಿದ್ದರು. ಹಿರಿಯಳು ಡಾ. ಹ್ಯಾರಿಯೆಟ್ ಲೂಮಿಸ್, ಕೋಲು ಹಿಡಿದು ನಡೆಯುವ ಸಣ್ಣ ಹೆಂಗಸು. ಡಾ. ಟಿಲ್ಫೋರ್ಡ್ ಗೋಡೆಯ ಮೇಲೆ ಅಂಕಿಗಳನ್ನು ತೋರಿಸಿದರು. ಮೂವತ್ತೆಂಟು, ಒಂಬತ್ತು, ಐದು. ನನ್ನ ಅಂಕಿಗಳು. ಹನ್ನೆರಡನೆಯ ತಾರೀಕು ಕೆಂಪು ಗೆರೆ ಎಳೆದ ಅಂಕಿಗಳು.

"ಇವರು ಓರ್ಫಾ ಕಾಡಿಲ್," ಎಂದರು. "ಇವರ ಕಣ್ಣೇ ನಮ್ಮ ಆಸ್ತಿ."

ಎಲ್ಲರೂ ನನ್ನ ಸುತ್ತ ನಿಂತರು. ಏಳನೆಯ ಸಾರ ಹಾಕಿದ ಮೊಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಮೂವತ್ತೊಂದು ವರ್ಷ ಕೂತಂತೆಯೇ ಕೂತೆ. ಬಲಗಣ್ಣು ಇಟ್ಟೆ. ನಿಧಾನವಾಗಿ, ಗಟ್ಟಿಯಾಗಿ ಎಣಿಸಿದೆ.

"ಒಂದು. ಎರಡು. ಮುಗೀತು. ಎರಡೇ ಎರಡು."

ಟಿಲ್ಫೋರ್ಡ್ ಉಸಿರು ಬಿಟ್ಟದ್ದು ಕೇಳಿಸಿತು. ಬಂದವರಲ್ಲಿ ಒಬ್ಬರು ವಾಹ್ ಅಂದರು.

ನಾನು ಎದ್ದು ಕುರ್ಚಿ ಎಳೆದು, "ಈಗ ನೀವು ಕೂತ್ಕೊಳ್ಳಿ ಡಾಕ್ಟ್ರಮ್ಮ," ಎಂದು ಲೂಮಿಸ್ ಅವರನ್ನು ಕೂರಿಸಿದೆ. ಅವರು ಕೋಲನ್ನು ನನ್ನ ಕೈಗೆ ಕೊಟ್ಟು ಬಗ್ಗಿದರು. ತುಟಿ ಆಡಿಸುತ್ತಿದ್ದರು. ಆ ತುಟಿ ನಿಲ್ಲಲೇ ಇಲ್ಲ.

"ನನಗೆ ಇಪ್ಪತ್ತೆರಡು ಸಿಕ್ತು," ಎಂದರು. ತಲೆ ಎತ್ತಿ ನನ್ನನ್ನು ನೋಡಿದರು. "ಇನ್ನೂ ಇವೆ."

"ಇವೆ. ನನಗೆ ಕಾಣಲ್ಲ. ನನ್ನ ಬಲಗಣ್ಣಲ್ಲಿ ನಡುವಿನ ನೋಟ ಹೋಗಿದೆ. ನೀವು ಯಾವ ಕಾಯಿಲೆಗೆ ಮದ್ದು ಹುಡುಕ್ತಿದೀರೋ ಅದೇ ಕಾಯಿಲೆ. ಈ ಗೋಡೆ ಮೇಲಿನ ಅಂಕಿಗಳೆಲ್ಲ ಅದೇ ಕಣ್ಣಿನವು."



"ಯಾವಾಗಿನಿಂದ?" ಲೂಮಿಸ್ ಕೇಳಿದರು.

"ಗೊತ್ತಿಲ್ಲ. ಅದಕ್ಕೇ ಎಲ್ಲ ಹೊಡೆದುಹಾಕಿದೀನಿ." ಕೆಂಪು ಗೆರೆಯ ಪುಸ್ತಕ ಅವರ ಮಡಿಲಲ್ಲಿಟ್ಟೆ. "ಮತ್ತೆ ಎಣಿಸ್ತೀವಿ. ಬೇರು ಏನೋ ಮಾಡ್ತಿದೆ. ಏನು ಮಾಡ್ತಿದೆ ಅಂತ ಗೊತ್ತಾದ್ಮೇಲೆ ಬನ್ನಿ."

ಅವರು ಪುಸ್ತಕದ ಒಂದೆರಡು ಪುಟ ತಿರುವಿ, ಮುಚ್ಚಿ, ನನಗೆ ವಾಪಸು ಕೊಟ್ಟರು. ಕೋಲು ತೆಗೆದುಕೊಂಡರು. ಮೂವರೂ ಊಟಕ್ಕೆ ನಿಲ್ಲದೆ ಹೋದರು.

ಟಿಲ್ಫೋರ್ಡ್ ಬಾಗಿಲಲ್ಲಿ ನಿಂತು, "ಖಾಸಗಿಯಾಗಿ ಹೇಳಬಹುದಿತ್ತು," ಎಂದರು.

"ಹೇಳಿದ್ದೆ. ಒಂಬತ್ತನೇ ತಾರೀಕು."

ಜೂನ್ 20, ಶುಕ್ರವಾರ

ಸ್ವಲ್ಪ ದಿನ ರಜೆ ಹಾಕಿ ಎಂದು ಟಿಲ್ಫೋರ್ಡ್ ಚೀಟಿ ಕಳಿಸಿದ್ದಾರೆ. ಸೋಮವಾರ ಕೆಲಸಕ್ಕೆ ಹೋಗುತ್ತೇನೆ. ಮೊಟ್ಟೆಗಳಿಗೆ ರಜೆ ಇಲ್ಲ.

ಜುಲೈ 11, ಶುಕ್ರವಾರ

ಎರಡನೆಯ ಸೂಜಿ ಆಯಿತು. ಸೋರಿಕೆ ಒಂದು ಕಡೆ ನಿಂತಿದೆ.

ಹೊಸ ಮೊಟ್ಟೆಗಳನ್ನು ಶುರು ಮಾಡಿದೆವು. ಫ್ಲೀನರ್ ಅಮ್ಮನ ಹತ್ತಿರವೇ. ಕ್ಷಮೆ ಕೇಳಲು ಹೋದರೆ ಆಕೆ ಮಾತು ಮುಗಿಸಲು ಬಿಡದೆ ಎರಡು ಡಜನ್ ಹೆಚ್ಚಿಗೆ ಕೈಗೆ ತುರುಕಿದಳು. ಹೋಬರ್ಟ್‌ನನ್ನೂ ಕರೆಸಿದೆ. ಅವನ ಮಟ್ಟಗೋಲಿನ ಬಗ್ಗೆ ನಾನು ಹೇಳಿದ್ದು ತಪ್ಪು ಎಂದೆ. "ಕಾಲೇಜಿನ ಬಗ್ಗೆ ಹೇಳಿದ್ದು?" ಎಂದು ಕೇಳಿದ. ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಈ ಸಲ ಯಾವ ಮೊಟ್ಟೆಗೆ ಸಾರ ಹಾಕಿದೆ, ಯಾವುದಕ್ಕೆ ಇಲ್ಲ ಎಂಬುದು ಎಣಿಸುವವರಿಗೆ ಗೊತ್ತಾಗಬಾರದು. ಹೋಬರ್ಟ್ ತನಗೆ ತೋಚಿದ ನಂಬರು ಬರೆದು ಅಂಟಿಸುತ್ತಾನೆ, ಪಟ್ಟಿಯನ್ನು ತನ್ನ ಬೀಗದ ಪೆಟ್ಟಿಗೆಯಲ್ಲಿಡುತ್ತಾನೆ. ನಾನು ಕಿಟಕಿ ಕತ್ತರಿಸುತ್ತೇನೆ. ಅದಕ್ಕೆ ಕಣ್ಣು ಬೇಕಿಲ್ಲ. ಚಿಪ್ಪು ಬಿಡುವ ಹೊತ್ತಿಗೆ ಬ್ಲೇಡಿನ ಕೆಳಗೆ ಒಂದು ಸಣ್ಣ ಸಡಿಲ ಸಿಗುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಜೋಸ್ಲಿನ್ ಕತ್ತರಿಸಿದರೆ ಮೂರರಲ್ಲಿ ಒಂದು ಮೊಟ್ಟೆ ಸಾಯುತ್ತಿತ್ತು. ಅವಳ ಕೈಯ ಮೇಲೆ ಕೈಯಿಟ್ಟು ಕಲಿಸಿದೆ.

"ಓರ್ಫಮ್ಮ, ಸಿಕ್ತು, ಸಡಿಲ ಸಿಕ್ತು!" ಎಂದು ಕೂಗಿದಳು.

"ಕೂಗಬೇಡ, ಮರಿ ಎದ್ದುಬಿಡುತ್ತೆ," ಅಂದೆ.

ಆಗಸ್ಟ್ 20, ಬುಧವಾರ

ಹೋಬರ್ಟ್ ಬೀಗ ತೆಗೆದು ಪಟ್ಟಿ ತಂದ. ಇನ್ನೂರ ನಲವತ್ತು ಮೊಟ್ಟೆ. ಜೋಸ್ಲಿನ್ ಕಣ್ಣು ಒಂದು ಕಡೆ, ಯಂತ್ರ ಒಂದು ಕಡೆ, ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ನನ್ನ ಎಡಗಣ್ಣು ಇನ್ನೊಂದು ಕಡೆ. ಮೂರೂ ತಾಳೆಯಾದವು.

ಸಾರ ಹಾಕದವು ನಲವತ್ತೊಂದು. ಹಾಕಿದವು ಇಪ್ಪತ್ತೇಳು. ಮೂರರಲ್ಲಿ ಒಂದು ಪಾಲು ಕಡಿಮೆ. ಉಳಿದವು ಸಣ್ಣಗಾಗಿವೆ. ನಾಲ್ಕು ಪಟ್ಟು ತೆಳು ಮಾಡಿದರೂ ಅಷ್ಟೇ, ಹೆಚ್ಚೇನೂ ಇಲ್ಲ.

ಬಾಗಿಲಲ್ಲಿ ಟಿಲ್ಫೋರ್ಡ್ ನಿಂತಿದ್ದರು. ಎರಡು ತಿಂಗಳಿಂದ ನನ್ನ ಜೊತೆ ಹವಾಮಾನ ಬಿಟ್ಟು ಬೇರೆ ಮಾತಾಡಿರಲಿಲ್ಲ. ಒಳಗೆ ಬಂದು ಅಂಕಿ ನೋಡಿದರು.

"ಇಷ್ಟೇನಾ?"

"ಇಷ್ಟೇ. ಆದ್ರೆ ಇದು ಇದೆ."

ಅವರು ಕುರ್ಚಿ ಎಳೆದುಕೊಂಡು ಕೂತರು. ಮೊದಲ ಮೊಟ್ಟೆಯಿಂದ ಶುರು ಮಾಡಿ ಒಂದೊಂದೇ ಚಿತ್ರ ತಾವೇ ಎಣಿಸತೊಡಗಿದರು. ಸಂಜೆ ಆರಕ್ಕೆ ಹೋಬರ್ಟ್ ದೀಪ ಆರಿಸಲು ಬಂದಾಗ ಇನ್ನೂ ಎಣಿಸುತ್ತಿದ್ದರು. ಟೈ ಬಿಚ್ಚಿ ಜೇಬಿನಲ್ಲಿಟ್ಟಿದ್ದರು.

ಅಕ್ಟೋಬರ್ 10, ಶುಕ್ರವಾರ

ನಾಲ್ಕು ದಿನ ಜಗಳವಾಡಿ ಲೇಖನ ಮುಗಿಸಿದೆವು. ಒಂದೇ ಒಂದು ಸಾಲಿನ ಜಗಳ. ಎಣಿಕೆಯ ವಿಧಾನ ಹೇಳುವ ಕಡೆ ನಾನು ಹಾಕಿಸಿದ ಸಾಲು: "ಜೂನ್ ಹದಿನೆಂಟರ ಹಿಂದಿನ ಎಲ್ಲ ಎಣಿಕೆಗಳನ್ನು ಕೈಬಿಡಲಾಗಿದೆ, ಎಣಿಸಿದವರ ಬಲಗಣ್ಣು ರೋಗಕ್ಕೆ ತುತ್ತಾಗಿತ್ತು."

"ಹೀಗೆ ಯಾರೂ ಬರೆಯಲ್ಲ ಓರ್ಫಾ," ಎಂದರು ಟಿಲ್ಫೋರ್ಡ್.

"ಹಾಗಾದ್ರೆ ನಾವು ಬರೆಯೋಣ."

"ಜನ ನಗ್ತಾರೆ."

"ನಗಲಿ. ನನಗೇನೂ ಕಾಣಲ್ಲ."

ಜೋಸ್ಲಿನ್ ಮುಖ ಮುಚ್ಚಿಕೊಂಡು ನಕ್ಕಳು. ಟಿಲ್ಫೋರ್ಡ್ ಕೂಡ ಕೊನೆಗೆ ನಕ್ಕರು. ಸ್ವಲ್ಪವೇ, ಆದರೆ ನಕ್ಕರು. ಸಾಲು ಉಳಿಯಿತು. ಲೂಮಿಸ್ ಅವರಿಗೂ ಒಂದು ಪ್ರತಿ ಹೋಗಿದೆ. ಮೊಲಗಳ ವಿಷಯ ಮುಂದಿನ ವರ್ಷ ಮಾತಾಡೋಣ, ಆದರೆ ಕಿಟಕಿ ಕತ್ತರಿಸುವ ಹೆಂಗಸೇ ಫೋನಿನಲ್ಲಿ ಇರಬೇಕು ಎಂದು ಉತ್ತರ ಬರೆದಿದ್ದಾರೆ. ಒಪ್ಪಿಗೆಯಲ್ಲ ಅದು. ಬಾಗಿಲು ಹಾಕಿಲ್ಲ, ಅಷ್ಟೇ.

ಮನೆಗೆ ಒಂದು ಪ್ರತಿ ತಂದು ಊಟದ ಮೇಜಿನ ಮೇಲೆ ಇಟ್ಟೆ. ಭೂತಗನ್ನಡಿ ಹಿಡಿದು ಎಡಗಣ್ಣಿನಿಂದ ಹನ್ನೊಂದು ಪುಟ ಓದುವಷ್ಟರಲ್ಲಿ ಸಾರು ಆರಿಹೋಗಿತ್ತು. ಎಸ್ಟಿಲ್ ಬೆರಳಿಟ್ಟು ಓದುತ್ತ ಆ ಸಾಲಿಗೆ ಬಂದು ನಿಂತ.

"ಅಕ್ಕ, ಊರೆಲ್ಲ ಓದುತ್ತೆ. ಇದನ್ನ ಹಾಕಿಸ್ಲೇಬೇಕಿತ್ತಾ? ನಾಚಿಕೆ ಆಗಲ್ವಾ?"

"ನಾಚಿಕೆ ಯಾಕೋ? ಇಷ್ಟು ಪುಟದಲ್ಲಿ ನಾನು ಕಣ್ಣಾರೆ ಕಂಡು ಹೇಳೋ ಮಾತು ಅಂದ್ರೆ ಅದೊಂದೇ."

ಅವನು ತಲೆಯಾಡಿಸುತ್ತ ಸಾರನ್ನು ಮತ್ತೆ ಒಲೆಯ ಮೇಲಿಟ್ಟ. ಮಂಗಳವಾರ ಐದನೆಯ ಸೂಜಿ. ಬೆಳಗ್ಗೆ ಏಳಕ್ಕೇ ಹೊರಡಬೇಕು.